ಟಿಎಸ್‌ಎಚ್ ಇಳಿದಾಗ

ಮಾರ್ಚ್ ೧೨, ಗುರುವಾರ

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಟಿಎಸ್‌ಎಚ್ ಒಂಬತ್ತರಿಂದ ಮೂರಕ್ಕೆ ಇಳಿದಿತ್ತು. ನನ್ನ ದೇಹವೇ ನನ್ನ ಥೈರಾಯ್ಡಿನ ಮೇಲೆ ಬಿದ್ದು ಕಾದಾಡುವ ಕಾಯಿಲೆ ಇದು. ಥೈರಾಯ್ಡ್ ಪೂರ್ತಿ ಸೋತಿತೇನೋ ಎಂದು ಬೆಳಗಿನಿಂದ ಹೆದರಿದ್ದೆ. ಸಂಜೆ ಡಾಕ್ಟರ ಮುಂದೆ, ಇದು ಯಾಕೆ ಇಳಿಯಿತೆಂದು ಅಮ್ಮನೇ ಕೇಳಿದಳು.

ಡಾಕ್ಟರು ನಕ್ಕರು. "ಟಿಎಸ್‌ಎಚ್ ಅಂದ್ರೆ ಥೈರಾಯ್ಡನ್ನ ಎಬ್ಬಿಸೋ ಕೂಗು. ಇವಳು ಬೆಳಿಗ್ಗೆ ಏಳದಿದ್ರೆ ನಿಮ್ಮ ಕೂಗು ಜೋರಾಗಲ್ವಾ?"

"ಬೀದಿಗೆಲ್ಲ ಕೇಳ್ಸತ್ತೆ!" ಎಂದಳು ಅಮ್ಮ.

ಡಾಕ್ಟರು ನನ್ನ ಕಡೆ ತಿರುಗಿದರು. "ಈಗ ಥೈರಾಯ್ಡ್ ಮಾಡ್ಬೇಕಾದ ಕೆಲಸ ಮಾತ್ರೆಯಿಂದ ಸರಿಯಾಗಿ ಆಗ್ತಿದೆ, ಅದಕ್ಕೇ ಕೂಗು ಇಳಿದಿದೆ. ಥೈರಾಯ್ಡ್ ಮೇಲೆ ಕಾದಾಡೋ ಆಂಟಿಬಾಡಿ ರಕ್ತದಲ್ಲಿ ಹೆಚ್ಚೇ ಇರತ್ತೆ, ಇರ್ಲಿ ಬಿಡು. ಮಾತ್ರೆ ಮಾತ್ರ ನಿಲ್ಲಿಸ್ಬೇಡಮ್ಮ."

ದಾರಿಯುದ್ದಕ್ಕೂ ನಕ್ಕೆವು. ಈಗ ಅಮ್ಮ ದೀಪ ಆರಿಸೆಂದು ಪಕ್ಕದ ಕೋಣೆಯಿಂದ ಕೂಗುತ್ತಿದ್ದಾಳೆ. ಅವಳ ಟಿಎಸ್‌ಎಚ್ ಆಗಲೇ ಐದು ದಾಟಿದೆ; ಒಂಬತ್ತಕ್ಕೇರುವ ಮೊದಲು...