ಭಾನುವಾರ ಮಿಕ್ಸರ್ ಒಯ್ಯುವವರಿಗೆ

ಗುಬ್ಬಿ
8-11-2006

ಸ್ಟುಡಿಯೋ ಸೋಮಶೇಖರ್ ಅವರಿಗೆ ಶರಣು.

ಭಾನುವಾರ ನೀವು ಕುಣಿಗಲ್‌ನಿಂದ ಮಿಕ್ಸರ್ ಒಯ್ಯೋಕೆ ಬರ್ತೀರಂತ ನಮ್ಮ ಯಜಮಾನರು ಹೇಳಿದರು. ಮಾರೋಣ ಅಂದವರೂ ಅವರೇ, ಈಗ ಅದನ್ನ ಒರೆಸ್ತಾ ಕೂತಿರೋರೂ ಅವರೇ. ಹಳೇ ಕಾಲದ ಸ್ಟುಡಿಯೋ ಮಿಕ್ಸರಿನ ಸರ್ಕ್ಯೂಟ್ ನೋಡ್ಕೊಂಡು, ಎರಡು ವರ್ಷ ನನ್ನ ಅಡುಗೆಮನೆ ಕಟ್ಟೆ ಮೇಲೆ ಬೆಸುಗೆ ಹಾಕಿ ಮಾಡಿದ್ದು. ಕಂಪ್ಯೂಟರಿನಿಂದ ಹಾಡು, ತಬಲ, ಹಾರ್ಮೋನಿಯಂ ಬೇರೆಬೇರೆ ಬಂದರೆ, ಇದು ಒಂದೇ ಮನೆಯವರ ಹಾಗೆ ಕೂಡಿಸುತ್ತೆ. ಅಷ್ಟು ನನ್ನ ಕಿವಿಗೂ ಗೊತ್ತಾಗುತ್ತೆ.

ನೀವು ಬಂದಾಗ ಅವರು, ಮೂರನೇ ಗುಂಡಿ ತಿರುಗಿಸಿದ್ರೆ ಕರಕರ ಅನ್ನುತ್ತೆ, ಈಗ ಕೊಡಲ್ಲ ಅಂತಾರೆ. ತುಮಕೂರಿನಿಂದ ಬಂದವರನ್ನ ಹಾಗೇ ಸಾಗಹಾಕಿದರು. ನಂಬಬೇಡಿ. ಆಯುಧಪೂಜೇಲಿ ನಾನು ಬಳಿದ ವಿಭೂತಿ ಗುಂಡಿಯೊಳಗೆ ಇಳಿದಿತ್ತು, ಅಷ್ಟೇ. ಮಾರನೇ ದಿನವೇ ನನ್ನನ್ನ ಬೈಕೊಂಡು ಬಿಚ್ಚಿ ಸರಿ ಮಾಡಿದರು. ಈಗ ಕರಕರ ಅನ್ನೋದು ಅವರೊಬ್ಬರೇ.

ಇದನ್ನ ಹೇಗೆ ಮಾಡಿದಿರಿ ಅಂತ ಕೇಳಿ. ಹೇಳಿ ಮುಗಿಸೋ ಹೊತ್ತಿಗೆ ತಾವೇ ಎತ್ತಿ ನಿಮ್ಮ ಕಾರಿನಲ್ಲಿ ಇಡ್ತಾರೆ. ಊಟಕ್ಕೆ ಇಲ್ಲೇ ಇರಿ, ಮುದ್ದೆ ಬಸ್ಸಾರು ಮಾಡ್ತೀನಿ. ಕಾಗದ ಬರೆದಿದ್ದು ಮಾತ್ರ ಬಾಯಿ ಬಿಡಬೇಡಿ.

ಕಟ್ಟೆ ಖಾಲಿಯಾದರೆ ನನಗೆ ರೊಟ್ಟಿ ತಟ್ಟೋಕೆ ಜಾಗ ಸಿಗುತ್ತೆ ಅಂತ ಖುಷಿ ಇದೆ. ಆದರೂ ಹೊರಡುವಾಗ, ಇಂಥದ್ದೇ ಇನ್ನೊಂದು ಬೇಕಾಗಬಹುದು ಅಂತ ಅವರಿಗೆ ಕೇಳೋ ಹಾಗೆ ಒಂದು ಮಾತು ಹೇಳಿ ಹೋಗಿ. ಆಮೇಲೆ ಕೊಳ್ಳದಿದ್ದರೂ ಪರವಾಗಿಲ್ಲ.

ರೊಟ್ಟಿ ನಾನು ನೆಲದ ಮೇಲೆ ಕೂತೇ ತಟ್ಕೋತೀನಿ.

ಇಂತಿ,
ಬಸವಲಿಂಗಮ್ಮ