ಅತ್ತೆ, ಮಸ್ಟ್ಯಾಂಗ್ ತಗೊಂಡೆ

ಅತ್ತೆಯವರಿಗೆ ನಿಮ್ಮ ಸೊಸೆ ವಾಣಿಯ ನಮಸ್ಕಾರ.

ಮೊದಲು ಸಿಹಿ ಸುದ್ದಿ. ಕೊನೆಗೂ ಕಾರು ತಗೊಂಡೆ. ನೀಲಿ ಬಣ್ಣದ, ಎರಡೇ ಬಾಗಿಲಿನ, ಎಂಟು ಸಿಲಿಂಡರಿನ ಹಳೇ ಮಸ್ಟ್ಯಾಂಗ್. ನಿಮ್ಮ ಮೊಮ್ಮಗಳು ಅನಿಕಾಳಿಗಿಂತ ಹತ್ತು ವರ್ಷ ದೊಡ್ಡದು. ವಾರವೆಲ್ಲ ಟೇಲರ್ ಊರಿನ ಚಿಪ್ ಫ್ಯಾಕ್ಟರಿಯಲ್ಲಿ ಧೂಳು ಬೀಳದಂತೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು ನಿಲ್ಲುವವಳಿಗೆ ಶನಿವಾರ, ಭಾನುವಾರಕ್ಕೆಂದು ಒಂದು ಆಟದ ಸಾಮಾನು. ಹೊಸದರ ಕಾಲುಭಾಗಕ್ಕೂ ಕಡಿಮೆ ಬೆಲೆಗೆ ಸಿಕ್ಕಿತು. ಇನ್ನೊಂದು ಸುದ್ದಿಯಿದೆ. ಅದು ನಿಮಗೆ ಸಿಹಿಯೋ ಕಹಿಯೋ ತಿಳಿಯದು. ನಿಮಗೆ ಕೊಟ್ಟ ಮಾತು ಮುರಿದಿದ್ದೇನೆ.

ನೀವು ಇಲ್ಲಿಗೆ ಬಂದಿದ್ದಾಗ ನಮ್ಮೂರು ಲಿಯಾಂಡರಿನ ದಿನಸಿ ಅಂಗಡಿಯ ಮುಂದೆ ಒಂದು ಶನಿವಾರ ಬೆಳಿಗ್ಗೆ ನಡೆದದ್ದು ನೆನಪಿದೆಯಾ? ಪಾರ್ಕಿಂಗ್ ಲಾಟಿನ ತುಂಬ ಶನಿವಾರದ ಮೇಳಕ್ಕೆ ಬಂದ ಹಳೇ ಕಾರುಗಳು, ಪಕ್ಕದಲ್ಲಿ ಕಾಫಿ ಹಿಡಿದು ನಿಂತ ಅವುಗಳ ಮಾಲೀಕರು. ಮರೆತ ಕೊತ್ತಂಬರಿ ಸೊಪ್ಪಿಗೆ ನಾನು ಮತ್ತೆ ಒಳಗೆ ಹೋಗಿ ಬರುವಷ್ಟರಲ್ಲಿ ನೀವು ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಅನಿಕಾಳ ಹಳೇ ಶೂ ಹಾಕಿಕೊಂಡು ಒಂದು ಹಸಿರು ಕಾರಿನ ತೆರೆದ ಬಾನೆಟ್ಟಿನ ಮುಂದೆ ತಲೆ ಓರೆ ಮಾಡಿ ನಿಂತಿದ್ದಿರಿ. ಇಂಜಿನ್ ಓಡುತ್ತಿತ್ತು. "ವಾಣಿ, ಎಂಟರಲ್ಲಿ ಒಂದು ಉರೀತಿಲ್ಲ ಅಂತ ಹೇಳೇ ಅವನಿಗೆ" ಅಂದಿರಿ. ನನಗೋ ನಾಚಿಕೆ. ಕೈ ಹಿಡಿದು ಎಳೆದೆ, ನೀವು ಕದಲಲಿಲ್ಲ. ವಿಧಿಯಿಲ್ಲದೆ ಹೇಳಿದೆ. ಆತ ನಕ್ಕ, ಬಗ್ಗಿ ನೋಡಿದ, ನಗು ನಿಲ್ಲಿಸಿದ. ಪ್ಲಗ್ಗಿನ ವೈರೊಂದು ಸಡಿಲವಾಗಿತ್ತು. ಒತ್ತಿ ಕೂರಿಸಿದ ಮೇಲೆ ಕಾರಿನ ದನಿಯೇ ಬದಲಾಯಿತು. ನಿಮ್ಮ ಮುಖವೂ.

ಮನೆಗೆ ಬರುವ ದಾರಿಯಲ್ಲಿ ನೀವು ಬಾಯಿಬಿಟ್ಟಿರಿ. ನಿಮ್ಮ ಅಪ್ಪ, ತಿಪಟೂರಿನ ಅಜ್ಜನಿಗೆ ಲಾರಿಗಳಿದ್ದವು ಎಂದೇ ನಾವೆಲ್ಲ ನಂಬಿದ್ದೆವು. ಇದ್ದದ್ದು ಬೇರೆಯವರ ಲಾರಿ ರಿಪೇರಿ ಮಾಡುವ ಒಂದು ಶೆಡ್ಡು. ಶಾಲೆ ಬಿಟ್ಟರೆ ನೀವೂ ನಿಮ್ಮ ತಮ್ಮನೂ ಅಲ್ಲೇ. ಹದಿನೆಂಟಕ್ಕೆ ಮದುವೆಯಾಗಿ ಮೈಸೂರಿನ ಹೆಡ್‌ಮಾಸ್ಟರರ ಮನೆ ಸೇರಿದಿರಿ. ಗ್ರೀಸಿನ ಮಾತು ಈ ಮನೆಯಲ್ಲಿ ಬೇಡ ಎಂದರು ನನ್ನ ಮಾವ. ತಮ್ಮ ಬಂದು ಹೋಗುವುದೂ ನಿಂತಿತು. ಮೊಣಕೈ ಹತ್ತಿರದ ಆ ಸುಟ್ಟ ಗುರುತು ಕಾದ ಸೈಲೆನ್ಸರಿನದು. ಮಗನಿಗೆ ಮಾತ್ರ ಹಪ್ಪಳ ಕರಿಯುವಾಗ ಎಣ್ಣೆ ಹಾರಿದ್ದು ಎಂದಿದ್ದಿರಿ. "ರಘುಗೆ ಹೇಳ್ಬೇಡ ಕಣೇ. ಹೋದ ಅಪ್ಪನ ಮೇಲೆ ಬೇಜಾರು ಮಾಡ್ಕೊಂಡಾನು." ಹೇಳಲ್ಲ ಅಂದೆ. ಆಮೇಲೆ ನೀವಿದ್ದಷ್ಟು ದಿನ ಒಂದು ಶನಿವಾರವನ್ನಾದರೂ ಬಿಟ್ಟೆವಾ ನಾವು? "ತಗೊಳ್ಳೋ ಹಾಗಿದ್ರೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡ್ಸು. ಮೊದಲೇ ಬಿಸಿ ಮಾಡಿಟ್ಟಿದ್ರೆ ಏನೋ ಮುಚ್ಚಿಡ್ತಿದಾನೆ ಅಂತ. ಬಣ್ಣ ನೋಡಿ ಮರುಳಾಗ್ಬೇಡ, ಕಾರ್ಪೆಟ್ ಎತ್ತಿ ನೋಡು" ಎಂದು ನನ್ನ ತಲೆಗೆ ತುಂಬಿದಿರಿ.

ನೀವು ತೀರಿಹೋದ ಸುದ್ದಿ ಮೈಸೂರಿನಿಂದ ಬಂದ ದಿನ ನನ್ನ ಪಾಸ್‌ಪೋರ್ಟಿನಲ್ಲಿ ವೀಸಾ ಮುಗಿದಿತ್ತು. ಹೊರಟರೆ ವಾಪಸ್ ಬರುವ ಖಾತ್ರಿಯಿರಲಿಲ್ಲ. ರಘು ಒಬ್ಬರೇ ಬಂದರು. ಎಲ್ಲ ಕಾರ್ಯ ಮುಗಿಸಿ ಹಿಂತಿರುಗಿದ ಮರುದಿನವೇ ಲ್ಯಾಪ್‌ಟಾಪ್ ತೆರೆದು ಕೂತರು. ಒಂದು ಹನಿ ಕಣ್ಣೀರಿಲ್ಲ. ನಿಮ್ಮ ಹೆಸರೆತ್ತಿದರೆ ಎದ್ದು ಹೋಗುವರು. ಒಂದು ವರ್ಷ ಹೀಗೇ ಕಳೆಯಿತು ಅತ್ತೆ. ನನಗೆ ಭಯವಾಗುತ್ತಿತ್ತು.

ಡಲ್ಲಾಸಿಗೆ ಕೆಂಪು ಕಾರೊಂದನ್ನು ನೋಡಲು ಹೊರಟಾಗ ಅವರೂ ಬಂದರು. "ನೋಡ್ಬಿಡು, ಹುಚ್ಚು ಬಿಡುತ್ತೆ" ಅಂತ. ಕನ್ನಡಿಯಂಥ ಬಣ್ಣ, ನುಣುಪಾದ ಮಾತಿನ ಮಾಲೀಕ. ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಕಾರ್ಪೆಟ್ಟಿನ ಮೂಲೆ ಎತ್ತಿದೆ. ಅಡಿಯಲ್ಲಿ ಹಿಟ್ಟಿನಂತೆ ಒಣಗಿದ ಕೆಸರು, ಸೀಟಿನ ಬೋಲ್ಟುಗಳಿಗೆ ತುಕ್ಕು. ಎಲ್ಲೋ ಪ್ರವಾಹದಲ್ಲಿ ಮುಳುಗಿ ಎದ್ದ ಕಾರು. ಬೇಡ ಎಂದು ಹೇಳಿ ಹೊರಬಂದೆ. ಹೈವೇ ಸೇರಿದ ಮೇಲೆ ರಘು ಕೇಳಿದರು, "ಇದನ್ನೆಲ್ಲ ಎಲ್ಲಿ ಕಲ್ತೆ? ಫೋನಲ್ಲಿ ನೋಡಿದ್ಯಾ?"

ಹೂಂ ಅನ್ನಬಹುದಿತ್ತು. ಅನ್ನಲಿಲ್ಲ.

"ನಿಮ್ಮಮ್ಮ ಹೇಳ್ಕೊಟ್ರು" ಅಂದೆ. ಶೆಡ್ಡು, ತಮ್ಮ, ಸೈಲೆನ್ಸರು, ಮಾವ ಹಾಕಿದ ಷರತ್ತು, ಎಲ್ಲ ಹೇಳಿದೆ. ದಾರಿಯಲ್ಲಿ ವೇಕೋ ಊರು ದಾಟಿದ ಮೇಲೆ, "ನಿನಗೆ ಹೇಳಿದ್ರು. ನನಗೆ ಯಾಕೆ…" ಎಂದು ಅರ್ಧಕ್ಕೇ ನಿಲ್ಲಿಸಿದರು. "ನೀವು ಯಾವತ್ತಾದ್ರೂ ಕೇಳಿದ್ರಾ?" ಅಂದುಬಿಟ್ಟೆ. ಕಠಿಣವಾಯಿತೇನೋ. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಕೇಟಿ ಊರಿನಲ್ಲಿ ಮಸ್ಟ್ಯಾಂಗ್ ಮಾರಲಿದ್ದ ಪಾಟೀಲ್ ಅಂಕಲ್ ಮನೆಗೆ ಹೋಗೋಣ ಎಂದು ಮುಂದಿನ ಭಾನುವಾರ ಹೊರಡಿಸಿದ್ದು ಮಾತ್ರ ಅವರೇ. ಧಾರವಾಡ ಕಡೆಯವರು, ರಿಟೈರಾದ ಇಂಜಿನಿಯರ್. ಮನೆ ಮಾರಿ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆಗುತ್ತಿದ್ದರು, ಅಲ್ಲಿ ಎರಡನೇ ಕಾರಿಗೆ ಜಾಗವಿಲ್ಲ. "ನೀವು ಫೋನ್‌ನಾಗ ಹೇಳಿದಂಗ ಮುಂಜಾನಿಂದ ಕೀಲಿ ಮುಟ್ಟಿಲ್ರೀ" ಎಂದು ಗ್ಯಾರೇಜ್ ತೆಗೆದರು. ಕಾರ್ಪೆಟ್ಟಿನಡಿ ಶುದ್ಧ. ಬಾಗಿಲ ಕೆಳಗೆ ಸ್ವಲ್ಪ ತುಕ್ಕು, ಅದನ್ನು ಅವರೇ ಬಗ್ಗಿ ತೋರಿಸಿದರು. ಕೀಲಿ ತಿರುಗಿಸಿದೆ. ಒಂದು ಸಲ ಕೆಮ್ಮಿದ ಇಂಜಿನ್ ಗ್ಯಾರೇಜ್ ತುಂಬ ಗುಡುಗಿ ಹದಕ್ಕೆ ಬಂತು. ತಿರುಗಿ ನೋಡಿದರೆ ರಘು ಬಾನೆಟ್ಟಿನ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾರೆ. ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ. "ಅಮ್ಮ ಇದ್ದಿದ್ರೆ…" ಎಂದವರು ಮುಖ ಮುಚ್ಚಿಕೊಂಡರು.

ಅಂಕಲ್ ಗಾಬರಿಯಾದರು. "ಯಾಕ್ರೀ, ರೇಟ್ ಜಾಸ್ತಿ ಆತೇನ್ರೀ?"

ನಾನು ನಕ್ಕುಬಿಟ್ಟೆ. ರಘುವೂ ಅಳುತ್ತಲೇ ನಕ್ಕರು. ಅಂಕಲ್ ಏನು ತಿಳಿದುಕೊಂಡರೋ, ನಾವು ಕೇಳದೆಯೇ ಬೆಲೆ ಇಳಿಸಿದರು. ಕಾರನ್ನು ಲಿಯಾಂಡರಿನವರೆಗೆ ನಾನೇ ಓಡಿಸಿಕೊಂಡು ಬಂದೆ. ಕ್ಲಚ್ಚು ಕಲ್ಲಿನಂತಿದೆ, ಎರಡು ದಿನ ಎಡಗಾಲು ಎತ್ತಲಾಗಲಿಲ್ಲ. ಈಗ ಪಳಗಿದ್ದೇನೆ. ಅನಿಕಾಳೂ ಗೇರ್ ಕಲಿಯುತ್ತಿದ್ದಾಳೆ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಆದರೆ ಹೇಳಿದ ಹಾಗೆ ಓಡಿಸುತ್ತಾಳೆ.

ಮಾತು ಮುರಿದಿದ್ದಕ್ಕೆ ಕ್ಷಮೆ ಕೇಳಬೇಕಾ? ಕೇಳುವುದಿಲ್ಲ ಅತ್ತೆ. ನಿಮ್ಮ ಮಗ ಮಾವನವರ ಮೇಲೆ ಬೇಜಾರು ಮಾಡಿಕೊಂಡದ್ದು ನಿಜ. ಎರಡು ದಿನ ಅವರ ಫೋಟೋ ಕಡೆ ನೋಡಲಿಲ್ಲ. ಮೂರನೆಯ ದಿನ ತಾವೇ ಒರೆಸಿ ಹೂವಿಟ್ಟರು. ನೀವು ಹೆದರಿದಷ್ಟು ಸಣ್ಣ ಮನಸ್ಸಿನವರಲ್ಲ ಅವರು.

ನಿಮಗೆ ಗೊತ್ತಿಲ್ಲದ್ದು ಇನ್ನೂ ಒಂದಿದೆ. ಹೋದ ವಾರ ರಘು ಯಾರ್ಯಾರನ್ನೋ ಕೇಳಿ ನಿಮ್ಮ ತಮ್ಮನ ನಂಬರ್ ಹುಡುಕಿ ಫೋನ್ ಮಾಡಿದರು. ಶೆಡ್ಡು ಇನ್ನೂ ಇದೆಯಂತೆ. ಡಿಸೆಂಬರಿನಲ್ಲಿ ಮೂವರೂ ಬರುತ್ತಿದ್ದೇವೆ. ನನ್ನ ವೀಸಾ ಏನಾಗುತ್ತದೋ ಆಗಲಿ, ಈ ಸಲ ನಾನು ಹಿಂದೆ ಉಳಿಯುವುದಿಲ್ಲ. ನಲವತ್ತಾರು ವರ್ಷದ ನಿಮ್ಮ ಮಗ ಮೊದಲ ಸಲ ಸೋದರಮಾವನ ಮನೆಯಲ್ಲಿ ಊಟಕ್ಕೆ ಕೂರಲಿದ್ದಾರೆ. ಏನು ಅಡುಗೆ ಮಾಡಿಸಲಿ ಎಂದು ನಿಮ್ಮ ತಮ್ಮ ಕೇಳಿದರು. ರಘು ಹೇಳಿದರು:

"ನಮ್ಮಮ್ಮ ಚಿಕ್ಕವಳಿದ್ದಾಗ ಏನು ಇಷ್ಟಪಟ್ಟು ತಿಂತಿದ್ಲೋ ಅದನ್ನೇ ಮಾಡ್ಸಿ ಮಾಮ. ನನಗೆ ಗೊತ್ತಿಲ್ಲ, ನೀವೇ ಹೇಳ್ಬೇಕು."

ನಿಮ್ಮ
ವಾಣಿ