ಸವೆದ ಬಟ್ಟುಗಳ ವಿಚಾರ

ಊರಿನ ತಕ್ಕಡಿಗಳಿಗೆಲ್ಲ ಸಾಹೇಬಳಾಗಿರುವ ನನ್ನ ಪುಟ್ಟಿಗೆ,

ಅಂಗಡಿಯ ಮೇಜಿನ ಮೇಲೆ ಅಷ್ಟು ಜಾಗ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ. ಒಂದು ಕಡೆ ಬೇಕರಿಯವನ ತಕ್ಕಡಿ ಹೊಟ್ಟೆ ಬಿಚ್ಚಿಕೊಂಡು ಮಲಗಿದೆ, ಇನ್ನೊಂದು ಕಡೆ ನಾನು ಹರಿದು ಹಾಕಿದ ಮೂರು ಕಾಗದ. ಶಾಲೆಯ ಮುಖ ನೋಡದವನು ನಾನು. ಅಕ್ಷರ ಕಲಿತದ್ದೇ ತಕ್ಕಡಿಗಳ ತಗಡಿನ ಮೇಲೆ ಕೊರೆದದ್ದನ್ನು ನೋಡಿ. ‘ಗರಿಷ್ಠ ತೂಕ’ ಎಂದು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಮಗಳಿಗೆ ಹೇಳಬೇಕಾದ ಮಾತು ಯಾವ ತಗಡಿನ ಮೇಲೂ ಇರಲಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು. ಅಪ್ಪನ ತಪ್ಪು ತಿದ್ದುವುದು ನಿನಗೇನು ಹೊಸದಲ್ಲ.

ಅಮ್ಮ ಹೋಗಿ ಎರಡು ತಿಂಗಳಾಯಿತು. ಏಳು ವರ್ಷದ ಮೇಲೆ ನೀನು ಈ ಮನೆಯ ಹೊಸ್ತಿಲು ದಾಟಿದ್ದು ಅವಳಿಗಾಗಿ. ಐದು ದಿನ ಇದ್ದೆ. ಬಂದವರಿಗೆಲ್ಲ ಕುರ್ಚಿ ಹಾಕಿದೆ, ಆಸ್ಪತ್ರೆಯ ಕಾಗದಗಳನ್ನು ಜೋಡಿಸಿದೆ, ಅವಳ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿಟ್ಟೆ. ಆ ಐದು ದಿನದಲ್ಲಿ ನಾವಿಬ್ಬರು ಆಡಿದ ಮಾತೇನು ಹೇಳು? "ನೀರು ಬಂತಾ?" "ಬಂತು." "ಗ್ಯಾಸ್ ಆಫ್ ಮಾಡಿದ್ಯಾ?" "ಮಾಡಿದೆ." ಹೊರಡುವಾಗ ನೀನು ಬಾಗಿಲಲ್ಲಿ ನಿಂತು "ಬರ್ತೀನಪ್ಪ" ಅಂದೆ. ನನ್ನ ಬಾಯಿಂದ ಬಂದದ್ದು, "ಬ್ಯಾಗಿನ ಜಿಪ್ ತೆಗೆದಿದೆ ನೋಡು." ನಿನ್ನಮ್ಮ ಇದ್ದಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಏಳು ವರ್ಷದ ಹಿಂದಿನ ಆ ಬೆಳಗು ನನ್ನ ಮನಸ್ಸಿನಿಂದ ಇನ್ನೂ ಮಾಸಿಲ್ಲ. ನೀನು ತೂಕ-ಅಳತೆ ಕಚೇರಿಗೆ ಇನ್ಸ್‌ಪೆಕ್ಟರ್ ಆಗಿ ಬಂದು ವರ್ಷ ತುಂಬಿರಲಿಲ್ಲ. ಮಾರ್ಕೆಟ್ಟಿನ ತರಕಾರಿಯವಳ ತಕ್ಕಡಿ ಕಿಲೋಗೆ ನಾಲ್ಕು ಗ್ರಾಂ ಹೆಚ್ಚು ತೋರಿಸುತ್ತಿದೆ ಎಂದು ಹಿಡಿದೆ. ಇದನ್ನು ಸರಿಮಾಡಿದವರು ಯಾರು ಎಂದು ಕೇಳಿದ್ದಕ್ಕೆ ಅವಳು ನನ್ನ ಅಂಗಡಿಯ ಕಡೆ ಕೈ ತೋರಿಸಿದಳು. ರಿಪೇರಿಗೆ ಬಂದ ಪ್ರತಿ ತಕ್ಕಡಿಯನ್ನೂ ನಾನು ಸರಿಹೊಂದಿಸುತ್ತಿದ್ದದ್ದು ನನ್ನ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು. ನೀನು ಅವನ್ನು ಕಚೇರಿಯ ಬಟ್ಟುಗಳ ಜೊತೆ ತೂಗಿ ನೋಡಿದೆ. ಒಂದೂ ಸರಿ ಇರಲಿಲ್ಲ, ಎಲ್ಲ ಇರಬೇಕಾದ್ದಕ್ಕಿಂತ ಹಗುರ. ಬಟ್ಟುಗಳ ಪೆಟ್ಟಿಗೆಗೆ ಸೀಲ್ ಹಾಕಿ, ಲೈಸೆನ್ಸ್ ಮೂರು ತಿಂಗಳು ಅಮಾನತು ಎಂದು ನೋಟಿಸ್ ಕೊಟ್ಟೆ. ಬೀದಿಗೆ ಬೀದಿಯೇ ನಿಂತು ನೋಡುತ್ತಿತ್ತು.

"ಮಗಳಾಗಿ ಬಂದಿದ್ದೀಯೋ, ಸರ್ಕಾರ ಆಗಿ ಬಂದಿದ್ದೀಯೋ?" ಎಂದೆ.

"ಈಗ ಆಫೀಸಿಂದ ಬಂದಿದ್ದೀನಪ್ಪ."

"ಹಾಗಾದ್ರೆ ಆಫೀಸಲ್ಲೇ ಇರು. ಮನೆಗೆ ಬರಬೇಡ."

ನೀನು ಬರಲಿಲ್ಲ. ಆಮೇಲೆ ಬೇರೆ ಊರಿಗೆ ವರ್ಗವಾಯಿತು. ನಿನ್ನಮ್ಮ ಅಡುಗೆಮನೆಯ ನಲ್ಲಿ ತಿರುಗಿಸಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ನಿನ್ನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಳು ಪಾಪ. ನಾನು ಪೇಪರ್ ಹಿಡಿದುಕೊಂಡು ಅದೇ ಗೋಡೆಗೆ ಒರಗಿ ಕೂರುತ್ತಿದ್ದೆ. ನಿನಗೆ ಜ್ವರ ಬಂದದ್ದು, ಬಡ್ತಿ ಸಿಕ್ಕಿದ್ದು, ಎಲ್ಲ ಗೊತ್ತು ನನಗೆ.

ಕಳೆದ ವಾರ ಅಮ್ಮನ ಮರಣ ಪ್ರಮಾಣಪತ್ರದ ನಕಲು ಹುಡುಕುತ್ತಿದ್ದಾಗ ಆ ನೋಟಿಸ್ ಸಿಕ್ಕಿತು. ಅವತ್ತು ನಾನು ಮುದ್ದೆ ಮಾಡಿ ಎಸೆದದ್ದನ್ನು ಅವಳು ಇಸ್ತ್ರಿ ಮಾಡಿ ಎತ್ತಿಟ್ಟಿದ್ದಳು. ಏಳು ವರ್ಷದ ಮೇಲೆ ಮೊದಲ ಸಲ ಓದಿದೆ. ‘ವ್ಯತ್ಯಾಸದ ಕಾರಣ: ದೀರ್ಘ ಬಳಕೆಯಿಂದ ಸವೆತ. ಉದ್ದೇಶಪೂರ್ವಕವಲ್ಲ.’ ಕೆಳಗೆ ಯಾವ ಬಟ್ಟು ಎಷ್ಟು ಸವೆದಿದೆ ಎಂದು ನಿನ್ನ ದುಂಡು ಅಕ್ಷರದಲ್ಲಿ ಒಂದು ಪಟ್ಟಿ. ಎಲ್ಲಕ್ಕಿಂತ ಹೆಚ್ಚು ಸವೆದದ್ದು ಐದು ಕಿಲೋದ ಬಟ್ಟು. ಅದನ್ನು ನಾನು ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆದಿದ್ದರೆ ಹೆಚ್ಚು. ಬಳಸದೆ ಇಟ್ಟದ್ದು ಬಳಕೆಯಿಂದ ಸವೆಯುವುದು ಹೇಗೆ?

ಇಂಥದ್ದು ಹೊಳೆಯದಿದ್ದರೆ ನಾನೆಂಥ ಕಸುಬುದಾರ.

ಪ್ರತಿ ಶನಿವಾರ ಮಧ್ಯಾಹ್ನ ನಿನ್ನಮ್ಮ ಆ ಪೆಟ್ಟಿಗೆಯನ್ನು ಹಿತ್ತಿಲಿಗೆ ಒಯ್ದು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದಳು. ದೊಡ್ಡದಕ್ಕೆ ಹೆಚ್ಚು ತಿಕ್ಕು. "ನಿಮ್ಮ ಕೆಲಸ ಫಳಫಳ ಅನ್ನಬೇಕು" ಎನ್ನುತ್ತಿದ್ದಳು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಒರೆಸಿ ಕೊಡುತ್ತಿದ್ದವಳು ನೀನು. ಅಂದಮೇಲೆ ಆ ಅಂಕಿಗಳನ್ನು ನೋಡಿದ ಕ್ಷಣವೇ ನಿನಗೆ ಗೊತ್ತಾಗಿರಬೇಕು. ಆದರೂ ‘ದೀರ್ಘ ಬಳಕೆ’ ಎಂದು ಬರೆದೆ. ಬೀದಿಯಲ್ಲಿ ನಾನು ಅಷ್ಟು ಕೂಗಾಡುವಾಗ, "ಅಮ್ಮ ತಿಕ್ಕಿ ತಿಕ್ಕಿ ಹೀಗಾಗಿದೆ" ಎಂದು ಒಂದು ಮಾತು ಎಸೆದಿದ್ದರೆ ನನ್ನ ಕೋಪವೆಲ್ಲ ಅವಳ ಕಡೆ ತಿರುಗುತ್ತಿತ್ತು. ನೀನು ಆ ಮಾತನ್ನು ನುಂಗಿಕೊಂಡೆ. ಏಳು ವರ್ಷ ನುಂಗಿಕೊಂಡೇ ಇದ್ದೆ.

ಇನ್ನೊಂದಿದೆ. ಹೊಸ ಬಟ್ಟು ಕೊಳ್ಳಲು ಹೊರಟಾಗ ನಿನ್ನಮ್ಮ ಹೇಳಿದ್ದಳು, "ಹಿತ್ತಾಳೆ ಬೇಡವಂತೆ ಕಣ್ರೀ. ಕಪ್ಪು ಬಣ್ಣದ ಕಬ್ಬಿಣದ್ದೇ ಆಗಬೇಕಂತೆ. ಹೊಸ ರೂಲಂತೆ, ಪುಟ್ಟಿ ಹೇಳಿದ್ಲು." ಗೊಣಗಿಕೊಂಡು ಅದನ್ನೇ ತಂದೆ. ಕಪ್ಪು ಬಟ್ಟನ್ನು ತಿಕ್ಕಲು ಅವಳಿಗೆ ಮನಸ್ಸೇ ಬರಲಿಲ್ಲ. ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರದ ತಕ್ಕಡಿ ರಿಪೇರಿಯವನನ್ನು ಆ ರೂಲಿನ ಬಗ್ಗೆ ಕೇಳಿದೆ. ಬಿದ್ದು ಬಿದ್ದು ನಕ್ಕ. "ಯಾವ ರೂಲಯ್ಯಾ? ನಾನಿನ್ನೂ ಹಿತ್ತಾಳೇದೇ ಇಟ್ಕೊಂಡಿದ್ದೀನಿ. ನಿನ್ನ ಮಗಳು ನಿನಗೊಬ್ಬನಿಗೇ ಅಂತ ಕಾನೂನು ಮಾಡಿದಾಳೆ ಬಿಡು!" ನಾನೂ ನಕ್ಕೆ. ನಗುತ್ತ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನಾಲ್ಕು ಗ್ರಾಂ ತಪ್ಪನ್ನು ಹೆತ್ತ ಅಪ್ಪನಿಗೂ ಬಿಡದವಳು, ಅಮ್ಮ ನೊಂದುಕೊಳ್ಳಬಾರದು ಎಂದು ಇಲ್ಲದ ಕಾನೂನನ್ನೇ ಹುಟ್ಟಿಸಿಬಿಟ್ಟಳಲ್ಲ! ಇಂಥವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದಳೇ ಎಂದು ಎದೆ ಉಬ್ಬಿತು ಕಣೇ.

ಅವಳ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಟ್ಟುಗಳನ್ನು ವರ್ಷ ವರ್ಷ ಕಚೇರಿಗೆ ಒಯ್ದು ತೂಗಿಸಬೇಕಾದವನು ನಾನು. ನಿನಗಿಂತ ಹಿಂದಿನ ಸಾಹೇಬರು ಅಂಗಡಿಗೇ ಬಂದು, ಕಾಫಿ ಕುಡಿದು, "ನಿಮ್ಮ ಬಟ್ಟು ನೋಡೋದೇನಿದೆ ಯಜಮಾನ್ರೇ, ಕನ್ನಡಿ ಇದ್ದಹಾಗಿದೆ" ಎಂದು ಮುದ್ರೆ ಒತ್ತಿ ಹೋಗುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ. ಅವಳು ತಿಕ್ಕಿದ್ದು ಅಕ್ಕರೆಯಿಂದ. ನಾನು ತೂಗಿಸದೆ ಬಿಟ್ಟದ್ದು ಸೊಕ್ಕಿನಿಂದ.

ನಿನ್ನೆ ಮಾರ್ಕೆಟ್ಟಿಗೆ ಹೋಗಿ ತರಕಾರಿಯವಳ ಮುಂದೆ ನಿಂತು, "ಅವತ್ತಿನ ತಪ್ಪು ನಂದೇ ಕಣಮ್ಮ" ಎಂದೆ. ಅವಳು ಬೀನ್ಸ್ ಆರಿಸುವುದನ್ನು ನಿಲ್ಲಿಸದೆಯೇ ನನ್ನ ಜನ್ಮ ಜಾಲಾಡಿದಳು. "ಈಗ ಬಂದ್ಯಾ ಅಜ್ಜ! ನಿನ್ನ ಮಗಳು ಅವತ್ತೇ ಅಂಗಡಿ ಅಂಗಡಿಗೂ ಬಂದು ಹೇಳಿ ಹೋದ್ಲಲ್ಲ, ನಮ್ಮಪ್ಪ ಮೋಸ ಮಾಡೋ ಮನುಷ್ಯ ಅಲ್ಲ, ಬಟ್ಟು ಸವೆದಿದೆ ಅಷ್ಟೆ ಅಂತ. ನೀನು ಮಾತ್ರ ಏಳು ವರ್ಷ ಮುಖ ಊದಿಸ್ಕೊಂಡು ಓಡಾಡ್ದೆ." ಬೀದಿ ನನ್ನನ್ನು ಕಳ್ಳ ಎಂದುಕೊಂಡಿದೆ ಎಂದು ನಾನು ಕುದಿಯುತ್ತಿದ್ದೆ. ನನ್ನ ಮರ್ಯಾದೆಯನ್ನು ಅಂಗಡಿ ಅಂಗಡಿಗೂ ಹೋಗಿ ಉಳಿಸಿದವಳು ನೀನೇ ಎಂದು ಗೊತ್ತಿಲ್ಲದವನು ಇಡೀ ಬೀದಿಯಲ್ಲಿ ನಾನೊಬ್ಬನೇ.

ಬರಬೇಡ ಎಂದು ಕಳಿಸಿದವನು ಈಗ ಬಾ ಎಂದು ಅಪ್ಪಣೆ ಕೊಡುವುದು ಸರಿಯಲ್ಲ. ಅದಕ್ಕೇ ನಾನೇ ಬರುತ್ತೇನೆ. ಸೋಮವಾರ ಮೊದಲ ಬಸ್ಸು ಹಿಡಿದರೆ ಹನ್ನೊಂದಕ್ಕೆ ನಿನ್ನ ಕಚೇರಿ ಮುಟ್ಟಬಹುದಂತೆ. ತಕ್ಕಡಿ ಹೊತ್ತು ಬಂದವರ ಜೊತೆ ಬೆಂಚಿನ ಮೇಲೆ ಕೂರುತ್ತೇನೆ. ನನ್ನ ಸರದಿ ಬಂದಾಗ, ನಿನ್ನ ಗುಮಾಸ್ತರು, ಜವಾನರು, ಅಂಗಡಿಯವರು ಎಲ್ಲ ಕೇಳುವ ಹಾಗೆ, "ನಿಮ್ಮ ಸಾಹೇಬರು ಅವತ್ತು ಮಾಡಿದ್ದೇ ಸರಿ, ನಾನು ಅವರ ಅಪ್ಪ" ಎನ್ನುತ್ತೇನೆ. ಬೈದದ್ದು ನಾಲ್ಕು ಜನರ ಮುಂದೆ ತಾನೆ? ನಿನಗೆ ಆಗ ಎದ್ದು ಬರಲು ಮನಸ್ಸಾಗದಿದ್ದರೆ ಏಳಬೇಡ. ಮಧ್ಯಾಹ್ನದ ಬಸ್ಸಿಗೆ ಹಿಂದಿರುಗುತ್ತೇನೆ, ಬೇಸರವಿಲ್ಲ. ಹೇಳುವುದನ್ನಂತೂ ಹೇಳಿಯೇ ಹೊರಡುವುದು.

ನೀನು ಒತ್ತಿದ ಮುದ್ರೆಯನ್ನು ನೋಡಿ ಜನ ಎರಡನೇ ಸಲ ತೂಗದಿರಲಿ. ನಿನ್ನ ಕೈ ಗಟ್ಟಿಯಾಗಿರಲಿ, ಹೊಟ್ಟೆ ತಣ್ಣಗಿರಲಿ, ನೂರು ವರ್ಷ ಬಾಳು ಮಗಳೇ.

ಸೋಮವಾರದ ಬಸ್ಸಿಗೆ ಈಗಲೇ ಶರ್ಟು ಇಸ್ತ್ರಿ ಮಾಡಿಟ್ಟಿರುವ,
ನಿನ್ನ ಅಪ್ಪ